ಮನೆಯ ಎರಡು ರೂಟರ್‌ಗಳ ನಡುವೆ ದಾರಿ ಸಿಗದಿದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಮನೆಯಲ್ಲಿ ಒಂದರ ಹಿಂದೆ ಒಂದರಂತೆ ಎರಡು ರೂಟರ್‌ಗಳನ್ನು ಜೋಡಿಸಿ, ಎರಡಕ್ಕೂ ಬೇರೆ ಬೇರೆ ಸಬ್‌ನೆಟ್ (ಒಂದೇ ಗುಂಪಿನ ವಿಳಾಸಗಳಿರುವ ಸಣ್ಣ ಜಾಲ) ಕೊಟ್ಟವರಿಗೆ ಎದುರಾಗುವ ತೊಂದರೆಗಳನ್ನು ಇಲ್ಲಿ ಬಿಡಿಸಿ ಹೇಳಲಾಗಿದೆ. ಗೊಂದಲವಾಗದಿರಲೆಂದು ಎಲ್ಲ ಉತ್ತರಗಳಲ್ಲೂ ಒಂದೇ ಜೋಡಣೆಯನ್ನು ಇಟ್ಟುಕೊಳ್ಳೋಣ. ಇಂಟರ್ನೆಟ್ ಸಂಪರ್ಕ ನೇರವಾಗಿ ಬಂದು ಸೇರುವ ರೂಟರನ್ನು ಹೊರ ರೂಟರ್ ಎಂದು ಕರೆಯೋಣ. ಅದರ ವಿಳಾಸ 192.168.1.1, ಅದರ ಸಬ್‌ನೆಟ್ 192.168.1.0/24 (/24 ಎಂದರೆ ವಿಳಾಸದ ಮೊದಲ ಮೂರು ಅಂಕಿಗಳು ಅಲ್ಲಿನ ಎಲ್ಲ ಸಾಧನಗಳಿಗೂ ಒಂದೇ). ಎರಡನೆಯದು ಒಳ ರೂಟರ್. ಅದರ ವ್ಯಾನ್ (ಇಂಟರ್ನೆಟ್ ಕಡೆಯ) ಪೋರ್ಟ್‌ನಿಂದ ಹೊರಟ ಕೇಬಲ್ ಹೊರ ರೂಟರ್‌ನ ಲ್ಯಾನ್ (ಮನೆಯ ಕಡೆಯ) ಪೋರ್ಟ್‌ಗೆ ಸೇರಿದೆ. ಹೊರಮುಖಕ್ಕೆ ಅದರ ವಿಳಾಸ 192.168.1.2, ಒಳಮುಖಕ್ಕೆ 192.168.2.1, ಅದರ ಸಬ್‌ನೆಟ್ 192.168.2.0/24. ಹೊರ ಸಬ್‌ನೆಟ್‌ನಲ್ಲಿ 192.168.1.50 ವಿಳಾಸದ ಲ್ಯಾಪ್‌ಟಾಪ್ ಇದೆ, ಒಳ ಸಬ್‌ನೆಟ್‌ನಲ್ಲಿ 192.168.2.20 ವಿಳಾಸದ ಫೈಲ್ ಸರ್ವರ್ ಇದೆ. ನಿಮ್ಮ ಮನೆಯ ಅಂಕಿಗಳು ಬೇರೆಯಾಗಿದ್ದರೆ ಆಯಾ ಜಾಗದಲ್ಲಿ ಅವನ್ನು ಇಟ್ಟು ಓದಿಕೊಳ್ಳಿ.

ಒಳಗಿನಿಂದ ಹೊರಗಿನ ಸಾಧನಗಳು ಸಿಗುತ್ತವೆ, ಹೊರಗಿನಿಂದ ಒಳಗಿನವು ಸಿಗುವುದಿಲ್ಲ. ಏಕೆ ಹೀಗೆ?

ಇದು ದೋಷವಲ್ಲ, ಮನೆಬಳಕೆಯ ರೂಟರ್‌ಗಳು ಪೆಟ್ಟಿಗೆಯಿಂದ ತೆಗೆದಾಗ ನಡೆದುಕೊಳ್ಳುವ ರೀತಿಯೇ ಇದು. ಫೈಲ್ ಸರ್ವರ್ ಲ್ಯಾಪ್‌ಟಾಪ್‌ಗೆ ಒಂದು ಪ್ಯಾಕೆಟ್ ಕಳಿಸಿದಾಗ ಒಳ ರೂಟರ್ ನ್ಯಾಟ್ ಮಾಡಿ, ಕಳಿಸಿದವರ ವಿಳಾಸವನ್ನು 192.168.2.20ರ ಬದಲು ತನ್ನದೇ ಆದ 192.168.1.2 ಎಂದು ಬರೆಯುತ್ತದೆ. ಲ್ಯಾಪ್‌ಟಾಪ್‌ಗೆ ಅದು ತನ್ನದೇ ಸಬ್‌ನೆಟ್‌ನ ನೆರೆಯ ಸಾಧನವೊಂದು ಮಾತಾಡಿಸಿದಂತೆ ಕಾಣುತ್ತದೆ. ಉತ್ತರ ಅಲ್ಲಿಗೇ ಹೋಗುತ್ತದೆ, ಒಳ ರೂಟರ್ ತನ್ನ ನೆನಪಿನ ಪಟ್ಟಿಯನ್ನು ನೋಡಿ ಅದನ್ನು ಸರ್ವರ್‌ಗೆ ತಲುಪಿಸುತ್ತದೆ.

ತಿರುಗಿಸಿ ನೋಡಿದರೆ ಕಥೆಯೇ ಬೇರೆ. ಲ್ಯಾಪ್‌ಟಾಪ್ 192.168.2.20ಕ್ಕೆ ಕಳಿಸಿದ ಪ್ಯಾಕೆಟ್, ತನ್ನ ಸಬ್‌ನೆಟ್‌ನದಲ್ಲವಾದ್ದರಿಂದ, ಗೇಟ್‌ವೇ (ಬೇರೆ ಸಬ್‌ನೆಟ್‌ಗಳಿಗೆ ಹೋಗುವ ಬಾಗಿಲು) ಆದ ಹೊರ ರೂಟರ್‌ಗೆ ಹೋಗುತ್ತದೆ. ಹೊರ ರೂಟರ್‌ಗೆ 192.168.2.0 ಎಂಬ ಸಬ್‌ನೆಟ್ ಇರುವ ಸುದ್ದಿಯೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನೆಲ್ಲ ಇಂಟರ್ನೆಟ್ ಕಡೆಗೆ ದೂಡುವುದು ಅದರ ನಿಯಮ. 192.168 ಎಂದು ಆರಂಭವಾಗುವಂಥ ಖಾಸಗಿ ವಿಳಾಸಗಳಿಗೆ ಇಂಟರ್ನೆಟ್‌ನಲ್ಲಿ ದಾರಿ ಇಲ್ಲವಾದ್ದರಿಂದ ಪ್ಯಾಕೆಟ್ ಅಲ್ಲೆಲ್ಲೋ ಬಿದ್ದುಹೋಗುತ್ತದೆ. ಒಂದು ವೇಳೆ ಹೇಗೋ ಒಳ ರೂಟರ್‌ನ ಬಾಗಿಲಿಗೆ ಬಂದರೂ, ವ್ಯಾನ್ ಕಡೆಯಿಂದ ಕರೆಯದೆ ಬಂದದ್ದನ್ನು ಅದರ ಫೈರ್‌ವಾಲ್ ಒಳಗೆ ಬಿಡುವುದಿಲ್ಲ. ಹೀಗೆ ಅಡ್ಡಿಗಳು ಎರಡು: ದಾರಿ ತಿಳಿಯದಿರುವುದು ಮತ್ತು ಬಾಗಿಲು ಮುಚ್ಚಿರುವುದು. ಒಂದನ್ನು ಮಾತ್ರ ಸರಿಪಡಿಸಿ ಫಲ ಕಾಣದೆ, ಸರಿಪಡಿಸಿದ್ದನ್ನೂ ಅಳಿಸಿಹಾಕುವವರು ಬಹಳ ಮಂದಿ. ದಯವಿಟ್ಟು ಹಾಗೆ ಮಾಡಬೇಡಿ. ಎರಡೂ ಆಗುವವರೆಗೆ ಏನೂ ಬದಲಾದಂತೆ ಕಾಣುವುದಿಲ್ಲ.

ನನಗೆ ನಿಜವಾಗಿಯೂ ಎರಡು ಸಬ್‌ನೆಟ್ ಬೇಕೇ?

ವೈಫೈ ದೂರದ ಕೋಣೆಗೂ ಸಿಗಲಿ ಎಂಬುದಷ್ಟೇ ಉದ್ದೇಶವಾಗಿದ್ದರೆ ಬೇಡ. ಒಳ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ರೂಟಿಂಗ್ ಬಿಟ್ಟು ವೈಫೈಯನ್ನಷ್ಟೇ ಹರಡುವ ಬಗೆಗೆ) ಹಾಕಿ. ಆ ಆಯ್ಕೆ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿ ವಿಳಾಸ ಹಂಚುವ ಸೇವೆ) ನಿಲ್ಲಿಸಿ, ಲ್ಯಾನ್ ವಿಳಾಸವನ್ನು ಹೊರ ಸಬ್‌ನೆಟ್‌ನಲ್ಲಿ ಯಾರೂ ಬಳಸದ ಒಂದಕ್ಕೆ ಬದಲಿಸಿ, ಕೇಬಲನ್ನು ವ್ಯಾನ್ ಪೋರ್ಟ್‌ನಿಂದ ಕಿತ್ತು ಲ್ಯಾನ್ ಪೋರ್ಟ್‌ಗೆ ಚುಚ್ಚಿ. ಎಲ್ಲ ಸಾಧನಗಳೂ ಒಂದೇ ಸಬ್‌ನೆಟ್‌ಗೆ ಬರುತ್ತವೆ, ರೂಟಿಂಗ್‌ನ ಮಾತೇ ಉಳಿಯುವುದಿಲ್ಲ. ಮುಂದಿನದೆಲ್ಲ ಸಬ್‌ನೆಟ್‌ಗಳನ್ನು ಬೇರೆಯಾಗಿಯೇ ಇಡಲು ಕಾರಣವಿರುವವರಿಗೆ.

ಹೊರ ರೂಟರ್‌ನಲ್ಲಿ ಸ್ಟ್ಯಾಟಿಕ್ ರೂಟ್ ಹಾಕುವುದು ಹೇಗೆ?

ಸ್ಟ್ಯಾಟಿಕ್ ರೂಟ್ ಎಂದರೆ ಒಂದು ಸಬ್‌ನೆಟ್‌ಗೆ ಹೋಗುವ ದಾರಿಯನ್ನು ರೂಟರ್‌ಗೆ ಕೈಯಾರೆ ಬರೆದುಕೊಡುವುದು. ಮೊದಲು ಒಳ ರೂಟರ್‌ನ ವ್ಯಾನ್ ವಿಳಾಸ ಬದಲಾಗದಂತೆ ನೋಡಿಕೊಳ್ಳಬೇಕು. ಹೊರ ರೂಟರ್‌ನ ಡಿಎಚ್‌ಸಿಪಿ ಪುಟದಲ್ಲಿ 192.168.1.2 ವಿಳಾಸವನ್ನು ಒಳ ರೂಟರ್‌ನ ಮ್ಯಾಕ್ ವಿಳಾಸಕ್ಕೆ (ಯಂತ್ರದ ಗುರುತಿನ ಸಂಖ್ಯೆಗೆ) ಕಾಯ್ದಿರಿಸಿ, ಇಲ್ಲವೇ ಒಳ ರೂಟರ್‌ನಲ್ಲಿ ಅದನ್ನು ಕೈಯಾರೆ ತುಂಬಿ, ಡಿಎಚ್‌ಸಿಪಿ ಹಂಚುವ ವ್ಯಾಪ್ತಿಯಿಂದ ಹೊರಗಿಡಿ. ಇಂದು ಕೆಲಸ ಮಾಡಿದ್ದು ವಿದ್ಯುತ್ ಹೋಗಿ ಬಂದ ಮೇಲೆ ನಿಂತುಹೋಯಿತು ಎನ್ನುವ ದೂರಿನಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಆಮೇಲೆ ಹೊರ ರೂಟರ್‌ನ ಸ್ಟ್ಯಾಟಿಕ್ ರೂಟ್ ಪುಟದಲ್ಲಿ ಗುರಿಯ ನೆಟ್‌ವರ್ಕ್ 192.168.2.0, ಸಬ್‌ನೆಟ್ ಮಾಸ್ಕ್ 255.255.255.0 (/24 ಎಂಬುದನ್ನೇ ಬರೆಯುವ ಇನ್ನೊಂದು ರೀತಿ), ಗೇಟ್‌ವೇ 192.168.1.2 ಎಂದು ತುಂಬಿ. ಇಂಟರ್‌ಫೇಸ್ ಕೇಳಿದರೆ ಲ್ಯಾನ್ ಎಂದು ಆರಿಸಿ, ಏಕೆಂದರೆ ಒಳ ರೂಟರ್ ಇರುವುದು ಹೊರ ರೂಟರ್‌ನ ಲ್ಯಾನ್ ಕಡೆಗೆ. ಇಲ್ಲಿ ಆಗುವ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು ಗೇಟ್‌ವೇ ಜಾಗದಲ್ಲಿ 192.168.2.1 ಎಂದು ಬರೆಯುವುದು. ಆ ವಿಳಾಸವನ್ನು ತಲುಪುವುದು ಹೇಗೆಂದು ತಿಳಿಯದೆಯೇ ಹೊರ ರೂಟರ್ ಒದ್ದಾಡುತ್ತಿರುವಾಗ, ಆ ವಿಳಾಸದ ಮೂಲಕವೇ ಹೋಗು ಎಂದರೆ ಅದು ಹೋಗುವುದಾದರೂ ಹೇಗೆ? ಗೇಟ್‌ವೇ ಯಾವಾಗಲೂ ರೂಟ್ ಹಾಕುತ್ತಿರುವ ರೂಟರ್‌ಗೆ ನೇರವಾಗಿ ಕೈಗೆಟುಕುವ ವಿಳಾಸವಾಗಿರಬೇಕು. ಇನ್ನೊಂದು ತಪ್ಪು, ಗುರಿಯ ಜಾಗದಲ್ಲಿ ನೆಟ್‌ವರ್ಕ್ ವಿಳಾಸದ ಬದಲು 192.168.2.20 ಎಂಬ ಒಂದು ಸಾಧನದ ವಿಳಾಸ ಬರೆದು, ಮಾಸ್ಕನ್ನು 255.255.255.0 ಎಂದೇ ಬಿಡುವುದು. ಕೆಲವು ರೂಟರ್‌ಗಳು ಇದನ್ನು ತಳ್ಳಿಹಾಕುತ್ತವೆ.

ಒಳ ರೂಟರ್‌ನಲ್ಲಿ ಹೊರ ಸಬ್‌ನೆಟ್‌ಗಾಗಿ ರೂಟ್ ಹಾಕಬೇಕಿಲ್ಲ. ಅದರ ವ್ಯಾನ್ ಪೋರ್ಟ್ ಆ ಸಬ್‌ನೆಟ್‌ನಲ್ಲೇ ಇರುವುದರಿಂದ ದಾರಿ ಅದಕ್ಕೆ ತಾನಾಗಿಯೇ ಗೊತ್ತಿದೆ.

ರೂಟ್ ಹಾಕಿದ ಮೇಲೂ ತಲುಪುತ್ತಿಲ್ಲ. ತೊಡಕು ಎಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ?

ಲ್ಯಾಪ್‌ಟಾಪ್‌ನಿಂದ ಒಂದೊಂದೇ ಮೆಟ್ಟಿಲು ಏರುತ್ತ ಪಿಂಗ್ ಮಾಡಿ (ಇದ್ದೀಯಾ ಎಂದು ಕೇಳುವ ಸಣ್ಣ ಪ್ಯಾಕೆಟ್ ಕಳಿಸಿ): ಮೊದಲು 192.168.1.1, ಆಮೇಲೆ 192.168.1.2, ಆಮೇಲೆ 192.168.2.1, ಕೊನೆಗೆ 192.168.2.20. ಎಲ್ಲಿ ಉತ್ತರ ನಿಲ್ಲುತ್ತದೋ ಅದರ ಸುತ್ತಮುತ್ತಲೇ ತೊಡಕು ಇರುತ್ತದೆ. ಒಂದು ಎಚ್ಚರಿಕೆ ಇರಲಿ: ವ್ಯಾನ್ ಕಡೆಯಿಂದ ಬರುವ ಪಿಂಗ್‌ಗೆ ಉತ್ತರಿಸದಿರುವುದು ಅನೇಕ ರೂಟರ್‌ಗಳ ಮೂಲ ಸೆಟ್ಟಿಂಗ್ ಆಗಿರುವುದರಿಂದ 192.168.1.2 ಮೌನವಾಗಿದ್ದ ಮಾತ್ರಕ್ಕೆ ಕೇಬಲ್ ಕೆಟ್ಟಿದೆ ಎಂದುಕೊಳ್ಳಬಾರದು. ಪಿಂಗ್ ಮಾಡಿದ ಕೂಡಲೇ ಲ್ಯಾಪ್‌ಟಾಪ್‌ನ ಎಆರ್‌ಪಿ ಪಟ್ಟಿಯನ್ನು (ಯಾವ ವಿಳಾಸ ಯಾವ ಮ್ಯಾಕ್‌ನದು ಎಂಬ ಪಟ್ಟಿಯನ್ನು) ತೆರೆದು ನೋಡಿ. 192.168.1.2ರ ಎದುರು ಒಂದು ಮ್ಯಾಕ್ ವಿಳಾಸ ಕಂಡರೆ ರೂಟರ್ ಅಲ್ಲಿದೆ, ಆದರೆ ಫೈರ್‌ವಾಲ್ ಮಾತಾಡಲು ಬಿಡುತ್ತಿಲ್ಲ ಎಂದರ್ಥ. ಮ್ಯಾಕ್ ವಿಳಾಸವೇ ಇಲ್ಲದಿದ್ದರೆ ಆ ವಿಳಾಸದಲ್ಲಿ ಯಾರೂ ಇಲ್ಲ. ಕೇಬಲ್, ಪೋರ್ಟ್, ವಿಳಾಸ ಈ ಮೂರನ್ನೂ ಮತ್ತೆ ನೋಡಿ.

ಪಿಂಗ್‌ಗಿಂತ ಹೆಚ್ಚು ಹೇಳುವುದು, ಪ್ಯಾಕೆಟ್ ಹಾದುಹೋಗುವ ರೂಟರ್‌ಗಳನ್ನು ಸಾಲಾಗಿ ತೋರಿಸುವ ಟ್ರೇಸ್‌ರೂಟ್ ಆದೇಶ. ವಿಂಡೋಸ್‌ನಲ್ಲಿ ಅದರ ಹೆಸರು ಟ್ರೇಸರ್ಟ್ (tracert). ಗುರಿಯಾಗಿ 192.168.2.20 ಕೊಟ್ಟು ಸಾಲುಗಳನ್ನು ಒಂದೊಂದಾಗಿ ಓದಿ. ಮೊದಲ ಸಾಲಿನಲ್ಲಿ 192.168.1.1 ಬಂದು, ಎರಡನೆಯದರಲ್ಲಿ ಇಂಟರ್ನೆಟ್ ಸೇವೆ ಕೊಡುವವರ ವಿಳಾಸ ಬಂದು, ಆಮೇಲೆ ಬರೀ ನಕ್ಷತ್ರ ಚಿಹ್ನೆಗಳು ಬಂದರೆ ಹೊರ ರೂಟರ್ ನಿಮ್ಮ ಸ್ಟ್ಯಾಟಿಕ್ ರೂಟನ್ನು ಬಳಸುತ್ತಲೇ ಇಲ್ಲ. ಉಳಿಸದೆ ಪುಟ ಮುಚ್ಚಿರಬಹುದು, ಅಂಕಿ ತಪ್ಪಿರಬಹುದು, ಅಥವಾ ರೂಟರನ್ನು ಮರುಚಾಲನೆ ಮಾಡಬೇಕಾಗಿರಬಹುದು. ಎರಡನೆಯ ಸಾಲಿನಲ್ಲಿ 192.168.1.2 ಬಂದು ಅಲ್ಲಿಂದ ಮುಂದೆ ನಕ್ಷತ್ರಗಳಾದರೆ ಹೊರ ರೂಟರ್ ತನ್ನ ಕೆಲಸ ಮಾಡಿದೆ. ಇನ್ನು ನೋಡಬೇಕಾದದ್ದು ಒಳ ರೂಟರ್‌ನ ಫೈರ್‌ವಾಲ್ ಮತ್ತು ಸರ್ವರ್ ಎರಡನ್ನೇ. 192.168.1.1 ಮತ್ತು 192.168.1.2 ಒಂದಾದ ಮೇಲೊಂದು ಸರದಿಯಂತೆ ಮರುಕಳಿಸುತ್ತಿದ್ದರೆ ಪ್ಯಾಕೆಟ್ ಎರಡು ರೂಟರ್‌ಗಳ ನಡುವೆ ಸುತ್ತುತ್ತಿದೆ. ಒಳ ರೂಟರ್‌ನ ಲ್ಯಾನ್ ವಿಳಾಸವನ್ನು ಬದಲಿಸಿ, ಹೊರ ರೂಟರ್‌ನಲ್ಲಿ ಹಳೆಯ ರೂಟನ್ನೇ ಉಳಿಸಿದಾಗ ಹೀಗಾಗುತ್ತದೆ: ಹೊರ ರೂಟರ್ ಅದನ್ನು ಒಳಗೆ ಕಳಿಸುತ್ತದೆ, ಒಳ ರೂಟರ್ ಆ ಸಬ್‌ನೆಟ್ ತನ್ನದಲ್ಲವೆಂದು ತನ್ನ ಗೇಟ್‌ವೇಗೆ, ಅಂದರೆ ಮತ್ತೆ ಹೊರ ರೂಟರ್‌ಗೇ, ಹಿಂತಿರುಗಿಸುತ್ತದೆ. ಪ್ರತಿ ಸುತ್ತಿಗೂ ಟಿಟಿಎಲ್ (ಪ್ಯಾಕೆಟ್ ಇನ್ನೆಷ್ಟು ರೂಟರ್ ದಾಟಬಹುದೆಂಬ ಎಣಿಕೆ) ಇಳಿಯುತ್ತ ಬಂದು ಸೊನ್ನೆಯಾದಾಗ ಪ್ಯಾಕೆಟ್ ಸಾಯುತ್ತದೆ.

ಒಳ ರೂಟರ್‌ನ ನ್ಯಾಟ್ ಮತ್ತು ಫೈರ್‌ವಾಲ್ ಎರಡನ್ನೂ ನಿಲ್ಲಿಸಬೇಕೇ?

ಅನೇಕ ರೂಟರ್‌ಗಳಲ್ಲಿ ಇವೆರಡನ್ನೂ ಬೇರೆಬೇರೆಯಾಗಿ ಹಿಡಿಯಲು ಬರುವುದಿಲ್ಲ. ಬರುವಂಥವುಗಳಲ್ಲಿ ಗೇಟ್‌ವೇ ಮೋಡ್ ಬಿಟ್ಟು ರೂಟರ್ ಮೋಡ್ ಆರಿಸಿದರೆ ನ್ಯಾಟ್ ನಿಲ್ಲುತ್ತದೆ. ಫೈರ್‌ವಾಲ್‌ಗೆ ಇನ್ನೊಂದು ಪುಟದಲ್ಲಿ ಗುಂಡಿ ಇರುತ್ತದೆ. ಓಪನ್‌ಡಬ್ಲ್ಯುಆರ್‌ಟಿಯಂಥ ತಂತ್ರಾಂಶ ಇದ್ದರೆ ವ್ಯಾನ್ ವಲಯದ ಮಾಸ್ಕರೇಡಿಂಗ್ (ಅಂದರೆ ನ್ಯಾಟ್) ತೆಗೆದು, ವ್ಯಾನ್‌ನಿಂದ ಲ್ಯಾನ್‌ಗೆ ಹಾದುಹೋಗಲು ಅನುಮತಿ ಕೊಡಬೇಕು. ಪಿಎಫ್‌ಸೆನ್ಸ್ ಎಂಬ ಫೈರ್‌ವಾಲ್ ತಂತ್ರಾಂಶ ಬಳಸುವವರು ಇನ್ನೊಂದನ್ನೂ ನೋಡಬೇಕು: ವ್ಯಾನ್ ಕಡೆಯಿಂದ ಬರುವ ಖಾಸಗಿ ವಿಳಾಸಗಳನ್ನು ತಡೆಯುವ ಆಯ್ಕೆ ಅದರಲ್ಲಿ ಮೊದಲೇ ಚಾಲೂ ಇರುತ್ತದೆ, ಇಲ್ಲಿ ಆ ಖಾಸಗಿ ವಿಳಾಸಗಳೇ ನಮಗೆ ಬೇಕಾದವು.

ಎರಡರಲ್ಲಿ ನಿಜವಾದ ತಡೆ ಫೈರ್‌ವಾಲ್. ಲಿನಕ್ಸ್ ಆಧಾರಿತ ರೂಟರ್‌ಗಳಲ್ಲಿ ವಿಳಾಸ ಬದಲಿಸಬೇಕೇ ಬೇಡವೇ ಎಂಬುದು ಸಂಪರ್ಕದ ಮೊದಲ ಪ್ಯಾಕೆಟ್‌ನಲ್ಲೇ ತೀರ್ಮಾನವಾಗುತ್ತದೆ. ಹೊರಗಿನಿಂದ ಬಂದ ಕೋರಿಕೆಗೆ ಸರ್ವರ್ ಕೊಡುವ ಉತ್ತರ ಆ ಸಂಪರ್ಕದ ಭಾಗವೇ ಆದ್ದರಿಂದ ಅದರ ವಿಳಾಸ ಬದಲಾಗದೆ ಹೋಗುತ್ತದೆ. ಹಾಗಾಗಿ ಫೈರ್‌ವಾಲ್ ನಿಯಮವನ್ನಷ್ಟೇ ಸಡಿಲಿಸಲು ಬರುವ ರೂಟರ್ ನಿಮ್ಮಲ್ಲಿದ್ದರೆ ನ್ಯಾಟ್ ಹಾಗೆಯೇ ಇರಲಿ. ಮುಂದಿನ ಪ್ರಶ್ನೆಯ ತೊಂದರೆ ಅದರಿಂದ ತಪ್ಪುತ್ತದೆ.

ನ್ಯಾಟ್ ನಿಲ್ಲಿಸಿದ ಕೂಡಲೇ ಒಳ ಸಬ್‌ನೆಟ್‌ನಲ್ಲಿ ಇಂಟರ್ನೆಟ್ ಹೋಯಿತು. ಏನು ಮಾಡಲಿ?

ಈಗ 192.168.2.20 ತನ್ನ ಸ್ವಂತ ವಿಳಾಸದಲ್ಲೇ ಹೊರ ರೂಟರ್‌ಗೆ ಬರುತ್ತಿದೆ. ಉತ್ತರ ಹಿಂತಿರುಗಲು ಸ್ಟ್ಯಾಟಿಕ್ ರೂಟ್ ಇರಲೇಬೇಕು. ಅದು ಇದ್ದೂ ಇಂಟರ್ನೆಟ್ ಸಿಗದಿದ್ದರೆ ಹೊರ ರೂಟರ್ ತನ್ನ ಸ್ವಂತ ಸಬ್‌ನೆಟ್‌ನ ವಿಳಾಸಗಳಿಗೆ ಮಾತ್ರ ನ್ಯಾಟ್ ಮಾಡುವ ಜಾತಿಯದು. ಅದರಲ್ಲಿ 192.168.2.0/24ಕ್ಕೂ ನ್ಯಾಟ್ ನಿಯಮ ಸೇರಿಸಲು ಜಾಗವಿದ್ದರೆ ಸೇರಿಸಿ. ಇಲ್ಲದಿದ್ದರೆ ಒಳ ರೂಟರ್‌ನ ನ್ಯಾಟನ್ನು ಮತ್ತೆ ಚಾಲೂ ಮಾಡದೆ ಬೇರೆ ದಾರಿಯಿಲ್ಲ.

ಪಿಂಗ್ ಸರಾಗವಾಗಿ ಹೋಗುತ್ತದೆ, ಆದರೆ ಫೈಲ್ ಹಂಚಿಕೆಯಾಗಲಿ ವೆಬ್ ಪುಟವಾಗಲಿ ತೆರೆಯುವುದಿಲ್ಲ. ಇದು ಹೇಗೆ ಸಾಧ್ಯ?

ಈ ಜೋಡಣೆಯಲ್ಲಿ ಅತ್ಯಂತ ಗೊಂದಲ ಹುಟ್ಟಿಸುವ ತೊಡಕು ಇದೇ, ಆದ್ದರಿಂದ ಇದನ್ನು ನಿಧಾನವಾಗಿ ನೋಡಬೇಕು. ಲ್ಯಾಪ್‌ಟಾಪ್ ಸರ್ವರ್‌ನೊಂದಿಗೆ ಟಿಸಿಪಿ ಸಂಪರ್ಕ (ಫೈಲ್, ವೆಬ್ ಪುಟಗಳನ್ನು ಸಾಗಿಸುವ ಬಗೆ) ಆರಂಭಿಸುವಾಗ ಮೂರು ಹೆಜ್ಜೆಗಳಿವೆ: ಲ್ಯಾಪ್‌ಟಾಪ್‌ನಿಂದ ಸಿನ್, ಸರ್ವರ್‌ನಿಂದ ಸಿನ್-ಆಕ್, ಮತ್ತೆ ಲ್ಯಾಪ್‌ಟಾಪ್‌ನಿಂದ ಆಕ್. ಮೊದಲ ಸಿನ್ ಲ್ಯಾಪ್‌ಟಾಪ್‌ನಿಂದ ಹೊರ ರೂಟರ್‌ಗೆ, ಅಲ್ಲಿಂದ ಒಳ ರೂಟರ್‌ಗೆ, ಅಲ್ಲಿಂದ ಸರ್ವರ್‌ಗೆ ಹೋಗುತ್ತದೆ. ಸರ್ವರ್‌ನ ಸಿನ್-ಆಕ್ ಒಳ ರೂಟರ್‌ಗೆ ಬಂದಾಗ ಅದು 192.168.1.50 ತನ್ನ ವ್ಯಾನ್ ಪೋರ್ಟ್‌ನ ಸಬ್‌ನೆಟ್‌ನಲ್ಲೇ ಇರುವುದನ್ನು ನೋಡಿ, ಹೊರ ರೂಟರ್‌ನ ರೂಟಿಂಗ್ ಗೊಡವೆಗೆ ಹೋಗದೆ, ನೇರವಾಗಿ ಲ್ಯಾಪ್‌ಟಾಪ್‌ಗೇ ಕೊಟ್ಟುಬಿಡುತ್ತದೆ. ಮಧ್ಯದಲ್ಲಿರುವ ಸ್ವಿಚ್ ಪೋರ್ಟ್‌ಗಳು ಅದನ್ನು ದಾಟಿಸುತ್ತವೆ, ಆದರೆ ಹೊರ ರೂಟರ್‌ನ ಫೈರ್‌ವಾಲ್ ಅದನ್ನು ನೋಡುವುದೇ ಇಲ್ಲ. ಮೂರನೆಯ ಹೆಜ್ಜೆಯಾದ ಆಕ್ ಮತ್ತೆ ಹೊರ ರೂಟರ್ ಮೂಲಕ ಹೊರಡುತ್ತದೆ. ಎರಡನೆಯ ಹೆಜ್ಜೆಯನ್ನು ಕಾಣದ ಫೈರ್‌ವಾಲ್‌ಗೆ ಈ ಆಕ್ ಅಸಂಗತವಾಗಿ ತೋರುತ್ತದೆ. ಸಂಪರ್ಕಗಳ ಸ್ಥಿತಿಯನ್ನು ಕಟ್ಟುನಿಟ್ಟಾಗಿ ಪಾಲಿಸುವ ಫೈರ್‌ವಾಲ್ ಆಗಿದ್ದರೆ ಅದನ್ನು ಎಸೆಯುತ್ತದೆ. ಪಿಂಗ್‌ನಲ್ಲಿ ಇಂಥ ಮೂರು ಹೆಜ್ಜೆಗಳ ಒಪ್ಪಂದವಿಲ್ಲ, ಪ್ರತಿ ಕೋರಿಕೆಯೂ ಬಿಡಿಯಾದದ್ದು, ಹಾಗಾಗಿ ಅದು ದಾಟುತ್ತದೆ.

ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು ಆಗಿರುವುದೇ ಮೂಲ. ಹೊರ ರೂಟರ್ ಕೆಲವೊಮ್ಮೆ ಐಸಿಎಂಪಿ ರಿಡೈರೆಕ್ಟ್ ಕಳಿಸಿ ನೇರ ದಾರಿಯನ್ನು ಲ್ಯಾಪ್‌ಟಾಪ್‌ಗೆ ತಿಳಿಸುತ್ತದೆ. ಲ್ಯಾಪ್‌ಟಾಪ್ ಅದನ್ನು ಒಪ್ಪಿದರೆ ಸಂಪರ್ಕ ನಡೆಯುತ್ತದೆ, ಒಪ್ಪದಿದ್ದರೆ ಇಲ್ಲ. ಒಂದು ಕಂಪ್ಯೂಟರ್‌ನಲ್ಲಿ ಆಗುವುದು ಪಕ್ಕದ ಫೋನ್‌ನಲ್ಲಿ ಆಗದಿರಲು ಇದೂ ಒಂದು ಕಾರಣ.

ಪರಿಹಾರಗಳಲ್ಲಿ ಅತಿ ಶುದ್ಧವಾದದ್ದು ಎರಡು ರೂಟರ್‌ಗಳ ನಡುವಿನ ಕೊಂಡಿಗೆ ಮೂರನೆಯ ಸಬ್‌ನೆಟ್ ಕೊಡುವುದು. ಹೊರ ರೂಟರ್‌ನ ಒಂದು ಪೋರ್ಟನ್ನು ಬೇರ್ಪಡಿಸಿ, ಅದಕ್ಕೆ 10.0.0.1 ಮತ್ತು ಒಳ ರೂಟರ್‌ನ ವ್ಯಾನ್‌ಗೆ 10.0.0.2 ಎಂದು ಕೊಟ್ಟು, ಮಾಸ್ಕ್ 255.255.255.252 ಇಟ್ಟರೆ ಆ ಕೊಂಡಿಯಲ್ಲಿ ಎರಡು ರೂಟರ್‌ಗಳ ಹೊರತು ಬೇರೆ ಯಾರೂ ಇರುವುದಿಲ್ಲ. ಸ್ಟ್ಯಾಟಿಕ್ ರೂಟ್‌ನ ಗೇಟ್‌ವೇಯನ್ನು 10.0.0.2 ಎಂದು ತಿದ್ದಿದ ಮೇಲೆ ಹೋಗುವುದೂ ಬರುವುದೂ ಎರಡೂ ರೂಟರ್‌ಗಳನ್ನು ಹಾದೇ ಆಗುತ್ತದೆ. ಪೋರ್ಟ್‌ಗಳನ್ನು ಹೀಗೆ ಬೇರ್ಪಡಿಸಲು ಎಲ್ಲ ಮನೆಬಳಕೆಯ ರೂಟರ್‌ಗಳಲ್ಲೂ ಬರುವುದಿಲ್ಲ ಎಂಬುದು ನಿಜ. ಬರದಿದ್ದರೆ ಲ್ಯಾಪ್‌ಟಾಪ್‌ನಲ್ಲೇ ರೂಟ್ ಹಾಕಿ. ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ರೂಟ್ ಆಡ್ (route add) ಆದೇಶಕ್ಕೆ 192.168.2.0, ಮಾಸ್ಕ್ 255.255.255.0, ಗೇಟ್‌ವೇ 192.168.1.2 ಕೊಟ್ಟು, ಮರುಚಾಲನೆಯ ನಂತರವೂ ಉಳಿಯುವಂತೆ ಪಿ (-p) ಗುರುತನ್ನು ಸೇರಿಸಬೇಕು. ಸಾಧನಗಳು ಹಲವಿದ್ದರೆ ಈ ರೂಟನ್ನು ಡಿಎಚ್‌ಸಿಪಿಯ 121ನೆಯ ಆಯ್ಕೆಯ ಮೂಲಕ ಹಂಚಬಹುದು, ಆದರೆ ಎಲ್ಲ ಸಾಧನಗಳೂ ಅದನ್ನು ಪಾಲಿಸುತ್ತವೆಂಬ ಭರವಸೆ ಇಟ್ಟುಕೊಳ್ಳಬೇಡಿ. ಹೊರ ರೂಟರ್ ಪಿಎಫ್‌ಸೆನ್ಸ್ ಆಗಿದ್ದರೆ ಒಂದೇ ಇಂಟರ್‌ಫೇಸ್‌ನಲ್ಲಿ ಬಂದು ಅದರಲ್ಲೇ ಹೊರಡುವ ಸಂಚಾರವನ್ನು ಫೈರ್‌ವಾಲ್ ನಿಯಮಗಳಿಂದ ಬಿಡುವ ಆಯ್ಕೆ ಇದಕ್ಕೆಂದೇ ಇದೆ.

ರೂಟರ್‌ಗಳೆರಡೂ ಸರಿಯಾಗಿವೆ, ಆದರೂ ಗುರಿಯ ಕಂಪ್ಯೂಟರ್ ಉತ್ತರಿಸುವುದಿಲ್ಲ. ಇನ್ನೇನು ನೋಡಲಿ?

ಆ ಕಂಪ್ಯೂಟರನ್ನೇ ನೋಡಿ. ವಿಂಡೋಸ್‌ನ ಫೈರ್‌ವಾಲ್‌ನಲ್ಲಿ ಫೈಲ್ ಮತ್ತು ಪ್ರಿಂಟರ್ ಹಂಚಿಕೆಯ ನಿಯಮಗಳು, ಅವುಗಳೊಂದಿಗೆ ಬರುವ ಪಿಂಗ್ ನಿಯಮವೂ ಸೇರಿ, ಖಾಸಗಿ ನೆಟ್‌ವರ್ಕ್‌ಗಳಲ್ಲಿ ಸ್ಥಳೀಯ ಸಬ್‌ನೆಟ್‌ಗೆ ಮಾತ್ರ ತೆರೆದಿರುತ್ತವೆ. ಪಕ್ಕದ ಸಬ್‌ನೆಟ್‌ನಿಂದ ಬಂದದ್ದು ಅದರ ಕಣ್ಣಿಗೆ ಹೊರಗಿನದೇ. ಆಯಾ ನಿಯಮದ ವ್ಯಾಪ್ತಿಯಲ್ಲಿ 192.168.1.0/24 ಸೇರಿಸಿ; ಫೈರ್‌ವಾಲನ್ನೇ ಪೂರ್ತಿ ಆರಿಸುವುದು ಪರೀಕ್ಷೆಗಾಗಿ ಒಂದು ನಿಮಿಷದ ಮಟ್ಟಿಗೆ ಸರಿ, ಪರಿಹಾರವಾಗಿ ಅಲ್ಲ.

ಕೈಯಾರೆ ವಿಳಾಸ ಕೊಟ್ಟ ಸಾಧನಗಳಲ್ಲಿ, ಮುಖ್ಯವಾಗಿ ಪ್ರಿಂಟರ್ ಮತ್ತು ಕ್ಯಾಮೆರಾಗಳಲ್ಲಿ, ಗೇಟ್‌ವೇ ಜಾಗ ಖಾಲಿ ಬಿಟ್ಟಿರುವುದುಂಟು. ಸ್ವಂತ ಸಬ್‌ನೆಟ್‌ನಲ್ಲಿ ಅದರಿಂದ ಯಾವ ತೊಂದರೆಯೂ ಕಾಣುವುದಿಲ್ಲ, ಆದರೆ ಬೇರೆ ಸಬ್‌ನೆಟ್‌ನವರಿಗೆ ಉತ್ತರ ಕಳಿಸಲು ಅದಕ್ಕೆ ದಾರಿಯೇ ಇರುವುದಿಲ್ಲ. ಹಾಗೆಯೇ ಮಾಸ್ಕ್ 255.255.0.0 ಆಗಿಬಿಟ್ಟಿದ್ದರೆ ಆ ಸಾಧನ ಎರಡೂ ಸಬ್‌ನೆಟ್‌ಗಳನ್ನು ಒಂದೇ ಎಂದು ತಿಳಿದು, ಗೇಟ್‌ವೇಗೆ ಕೊಡುವ ಬದಲು ಕೇಬಲ್ ಮೇಲೆಯೇ ಕೂಗಿ ಕರೆಯುತ್ತದೆ. ಓಗೊಡುವವರು ಅಲ್ಲಿ ಇಲ್ಲ.

ಎರಡೂ ರೂಟರ್‌ಗಳ ವಿಳಾಸ 192.168.1.1 ಆಗಿದ್ದರೆ?

ಒಂದನ್ನು ಬದಲಿಸಲೇಬೇಕು. ವ್ಯಾನ್ ಮತ್ತು ಲ್ಯಾನ್ ಎರಡೂ ಕಡೆ ಒಂದೇ ಸಬ್‌ನೆಟ್ ಇದ್ದರೆ ಪ್ಯಾಕೆಟನ್ನು ಯಾವ ಕಡೆಗೆ ಕಳಿಸಬೇಕೆಂದು ಒಳ ರೂಟರ್‌ಗೆ ತಿಳಿಯುವುದಿಲ್ಲ. ಒಳ ರೂಟರ್‌ನ ಲ್ಯಾನನ್ನು 192.168.2.1 ಮಾಡಿ, ಆಮೇಲೆ ಅದರ ಹಿಂದಿನ ಸಾಧನಗಳ ಸಂಪರ್ಕ ಕಡಿದು ಮತ್ತೆ ಜೋಡಿಸಿ, ಹೊಸ ವಿಳಾಸ ಪಡೆಯಲು ಬಿಡಿ.

ವಿಳಾಸ ಬರೆದರೆ ಪ್ರಿಂಟರ್ ಸಿಗುತ್ತದೆ, ಹುಡುಕಿದರೆ ಪಟ್ಟಿಯಲ್ಲಿ ಕಾಣುವುದಿಲ್ಲ. ರೂಟಿಂಗ್ ತಪ್ಪಿದೆಯೇ?

ಇಲ್ಲ, ರೂಟಿಂಗ್ ಸರಿಯಾಗಿಯೇ ಇದೆ. ಪ್ರಿಂಟರ್‌ಗಳೂ ಟಿವಿಗಳೂ ತಮ್ಮ ಇರವನ್ನು ಸಾರುವುದು ಬಹುತೇಕ ಎಂಡಿಎನ್‌ಎಸ್ ಮೂಲಕ. ಅದು ಬಳಸುವ 224.0.0.251 ಎಂಬ ಮಲ್ಟಿಕಾಸ್ಟ್ (ಹಲವರಿಗೆ ಒಮ್ಮೆಗೇ ಸಾರುವ) ವಿಳಾಸ ಒಂದು ಸಬ್‌ನೆಟ್‌ನ ಗಡಿ ದಾಟಬಾರದೆಂದೇ ಗೊತ್ತುಮಾಡಿರುವಂಥದ್ದು, ಯಾವ ರೂಟರೂ ಅದನ್ನು ಮುಂದಕ್ಕೆ ಕಳಿಸುವುದಿಲ್ಲ. ಪ್ರಿಂಟರ್‌ಗೆ ಸ್ಥಿರ ವಿಳಾಸ ಕೊಟ್ಟು, ಕಂಪ್ಯೂಟರ್‌ನಲ್ಲಿ ಅದೇ ವಿಳಾಸ ಬರೆದು ಸೇರಿಸುವುದು ಸುಲಭದ ದಾರಿ. ಫೋನ್‌ನಿಂದ ಟಿವಿಗೆ ಕಳಿಸುವಂಥ ಕೆಲಸಗಳಲ್ಲಿ ವಿಳಾಸ ಬರೆಯಲು ಜಾಗವೇ ಇರುವುದಿಲ್ಲ. ಆಗ ಒಳ ರೂಟರ್‌ನಲ್ಲಿ ಅವಾಹಿಯಂಥ ತಂತ್ರಾಂಶದ ರಿಫ್ಲೆಕ್ಟರ್ ಸೌಲಭ್ಯವನ್ನು ಚಾಲೂ ಮಾಡಿ ಸಾರಿಕೆಗಳನ್ನು ಎರಡೂ ಕಡೆ ಪ್ರತಿಧ್ವನಿಸಬೇಕು, ಇಲ್ಲವೇ ಫೋನನ್ನೂ ಟಿವಿಯನ್ನೂ ಒಂದೇ ಸಬ್‌ನೆಟ್‌ನಲ್ಲಿಡಬೇಕು. ಎರಡನೆಯದೇ ನೆಮ್ಮದಿ.

ಹೊರ ರೂಟರ್‌ನಲ್ಲಿ ಸ್ಟ್ಯಾಟಿಕ್ ರೂಟ್ ಪುಟವೇ ಇಲ್ಲ. ಬೇರೆ ಉಪಾಯವಿದೆಯೇ?

ಇಂಟರ್ನೆಟ್ ಸೇವೆಯೊಂದಿಗೆ ಬರುವ ರೂಟರ್‌ಗಳಲ್ಲಿ ಈ ಪುಟವನ್ನು ಮುಚ್ಚಿಟ್ಟಿರುವುದುಂಟು. ಮೇಲೆ ಹೇಳಿದಂತೆ ಸಾಧನಗಳಲ್ಲೇ ರೂಟ್ ಹಾಕಬಹುದು. ತಲುಪಬೇಕಾದದ್ದು ಒಂದೆರಡು ಸೇವೆಗಳು ಮಾತ್ರವಾದರೆ ಒಳ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಸಾಕು: ಉದಾಹರಣೆಗೆ ಫೈಲ್ ಹಂಚಿಕೆಯ 445ನೆಯ ಪೋರ್ಟನ್ನು (ಇಲ್ಲಿ ಪೋರ್ಟ್ ಎಂದರೆ ಕೇಬಲ್ ಚುಚ್ಚುವ ಜಾಗವಲ್ಲ, ಸೇವೆಯ ಸಂಖ್ಯೆ) 192.168.2.20ಕ್ಕೆ ತಿರುಗಿಸಿದರೆ, ಲ್ಯಾಪ್‌ಟಾಪ್‌ನಲ್ಲಿ 192.168.1.2 ಎಂದು ಬರೆದಾಗ ಫೈಲ್ ಸರ್ವರ್ ತೆರೆಯುತ್ತದೆ. ಇದಕ್ಕೆ ಹೊರ ರೂಟರ್‌ನಲ್ಲಿ ಏನನ್ನೂ ಮುಟ್ಟಬೇಕಿಲ್ಲ. ಆದರೆ ಅದೇ ಪೋರ್ಟನ್ನು ಹೊರ ರೂಟರ್‌ನಲ್ಲಿ ಇಂಟರ್ನೆಟ್‌ಗೆ ಎಂದಿಗೂ ತೆರೆಯಬೇಡಿ.

ಕೇಬಲ್‌ನಲ್ಲಿ ಆಗುತ್ತದೆ, ವೈಫೈನಲ್ಲಿ ಆಗುವುದಿಲ್ಲ.

ಅತಿಥಿ ವೈಫೈಗೆ ಸೇರಿದ್ದೀರೇ ಎಂದು ಮೊದಲು ನೋಡಿ. ಅದು ಮನೆಯ ಉಳಿದ ಸಾಧನಗಳನ್ನು ಬೇಕೆಂದೇ ಮರೆಮಾಡುತ್ತದೆ. ಸಾಮಾನ್ಯ ವೈಫೈನಲ್ಲಿಯೂ ಕ್ಲೈಂಟ್ ಐಸೊಲೇಷನ್ ಎಂಬ, ಸಾಧನಗಳನ್ನು ಒಂದರಿಂದೊಂದು ಬೇರ್ಪಡಿಸುವ ಆಯ್ಕೆ ಚಾಲೂ ಇದ್ದರೆ ಆರಿಸಿ.

ಐಪಿವಿ6ನಲ್ಲಿಯೂ ಇದೇ ಕ್ರಮವೇ?

ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿಯಲ್ಲಿ ನ್ಯಾಟ್‌ನ ತಕರಾರು ಸಾಮಾನ್ಯವಾಗಿ ಇರುವುದಿಲ್ಲ, ಆದರೆ ಒಳ ಸಬ್‌ನೆಟ್‌ಗೆ ತನ್ನದೇ ಒಂದು /64 (ಒಂದು ಸಬ್‌ನೆಟ್‌ಗೆ ಬೇಕಾದ ವಿಳಾಸಗಳ ಗುಂಪು) ಬೇಕು. ಸೇವೆ ಕೊಡುವವರು /56 ಕೊಟ್ಟಿದ್ದರೆ ಅದರಲ್ಲಿ 256 ಇಂಥ ಸಬ್‌ನೆಟ್‌ಗಳಿಗೆ ಜಾಗವಿದೆ, ಸೌಲಭ್ಯವಿದ್ದರೆ ಹೊರ ರೂಟರ್ ಪ್ರಿಫಿಕ್ಸ್ ಡೆಲಿಗೇಷನ್ ಮೂಲಕ ಒಂದನ್ನು ಒಳ ರೂಟರ್‌ಗೆ ಕೊಟ್ಟು ಅದರ ದಾರಿಯನ್ನೂ ತಾನೇ ಬರೆದುಕೊಳ್ಳುತ್ತದೆ. ಒಂದೇ ಒಂದು /64 ಬಂದಿದ್ದರೆ ಹಂಚಲು ಏನೂ ಉಳಿದಿರುವುದಿಲ್ಲ.

ಒಳ ರೂಟರ್‌ನ ಫೈರ್‌ವಾಲ್ ಸಡಿಲಿಸಿದರೆ ಅಪಾಯವಿಲ್ಲವೇ?

ಇಂಟರ್ನೆಟ್ ಕಡೆಯಿಂದ ಬರುವುದನ್ನು ಹೊರ ರೂಟರ್ ತಡೆಯುತ್ತಲೇ ಇರುತ್ತದೆ, ಆ ಮಟ್ಟಿಗೆ ಹೆದರಬೇಕಿಲ್ಲ. ಯೋಚಿಸಬೇಕಾದದ್ದು ಹೊರ ಸಬ್‌ನೆಟ್‌ನಲ್ಲಿರುವ ಸಾಧನಗಳ ಬಗ್ಗೆ. ಪೂರ್ತಿ ಸಬ್‌ನೆಟ್‌ಗೆ ಬಾಗಿಲು ತೆರೆಯುವ ಬದಲು 192.168.1.50ಕ್ಕೆ ಮಾತ್ರ, ಅದೂ ಬೇಕಾದ ಪೋರ್ಟ್‌ಗಳಿಗೆ ಮಾತ್ರ ಅನುಮತಿ ಕೊಡಲು ಬರುವಂತಿದ್ದರೆ ಹಾಗೆಯೇ ಮಾಡಿ.

ಇದರ ಜೊತೆಗೆ ಬಹಳ ಜನ ತಲೆಕೆಳಗಾಗಿ ಮಾಡುವ ಒಂದು ವಿಷಯವಿದೆ. ನಂಬಿಕೆಗೆ ಅರ್ಹವಲ್ಲದ ಕ್ಯಾಮೆರಾ, ಅಗ್ಗದ ಸ್ಮಾರ್ಟ್ ಪ್ಲಗ್ ಮುಂತಾದವನ್ನು ಒಳ ರೂಟರ್‌ನ ಹಿಂದೆ ಹಾಕಿ, ಅವನ್ನು ಕಟ್ಟಿಹಾಕಿದೆವು ಎಂದುಕೊಳ್ಳುತ್ತಾರೆ. ಮೊದಲ ಪ್ರಶ್ನೆಯಲ್ಲಿ ನೋಡಿದಂತೆ ಒಳಗಿನಿಂದ ಹೊರಕ್ಕೆ ದಾರಿ ಸದಾ ತೆರೆದೇ ಇರುತ್ತದೆ. ಒಳಗಿರುವ ಕ್ಯಾಮೆರಾ ಹೊರ ಸಬ್‌ನೆಟ್‌ನ ಪ್ರತಿಯೊಂದು ಕಂಪ್ಯೂಟರನ್ನೂ ತಟ್ಟಬಲ್ಲದು. ಅಂಥ ಸಾಧನಗಳು ಹೊರ ಸಬ್‌ನೆಟ್‌ನಲ್ಲಿರಲಿ, ಕಾಪಾಡಬೇಕಾದ ಕಂಪ್ಯೂಟರ್ ಮತ್ತು ಫೈಲ್ ಸರ್ವರ್ ಒಳಗಿರಲಿ. ಅವುಗಳ ಜಾಗ ಬದಲಿಸಲು ಆಗದಿದ್ದರೆ ಒಳ ರೂಟರ್‌ನಲ್ಲಿ 192.168.1.0/24 ಕಡೆಗೆ ಹೊರಡುವುದನ್ನು ತಡೆಯುವ ನಿಯಮ ಹಾಕಿ, ಅದಕ್ಕಿಂತ ಮೇಲಿನ ಸಾಲಿನಲ್ಲಿ ಒಳ ರೂಟರ್ ಬಳಸುವ ಡಿಎನ್‌ಎಸ್ (ಹೆಸರಿಗೆ ತಕ್ಕ ವಿಳಾಸ ಹುಡುಕಿಕೊಡುವ ಸೇವೆ) ವಿಳಾಸ ಅದೇ ಸಬ್‌ನೆಟ್‌ನದಾಗಿದ್ದರೆ ಅದಕ್ಕೆ ಅನುಮತಿ ಕೊಡಿ.